ಬಾರದ ಸಂಬಳಕ್ಕೂ ತೆರಿಗೆ ಕಟ್ಟಬೇಕೇ?

ಕುಮಾರಸ್ವಾಮಿ ಲೇಔಟ್ ಎರಡನೇ ಹಂತದಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರ ಯಜಮಾನರಿಗೆ ಖಾಸಗಿ ಕಂಪನಿಯೊಂದರಲ್ಲಿ ಕೆಲಸ, ತಿಂಗಳಿಗೆ 1 ಲಕ್ಷ 30 ಸಾವಿರ ಸಂಬಳ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸರಿಯಾಗಿ ಬಂತು. ಆಮೇಲೆ ‘ಮುಂದಿನ ವಾರ, ಮುಂದಿನ ವಾರ’ ಅಂತಲೇ ಮಾರ್ಚ್ ಮುಗಿಯಿತು. ಬಳೆ ಅಡವಿಟ್ಟು ಮಗಳ ಕಾಲೇಜು ಫೀಸು ಕಟ್ಟಿದ್ದಾರೆ. ರಿಟರ್ನ್ ಹಾಕಿಸಲು ಹೋದಾಗ ಆಡಿಟರ್ ಹೇಳಿದ ಮಾತು: “ಬಾರದ ಐದು ತಿಂಗಳ ಸಂಬಳವನ್ನೂ ಆದಾಯ ಅಂತ ತೋರಿಸಬೇಕಮ್ಮ.”

“ಮೇಡಂ, ಇದ್ಯಾವ ನ್ಯಾಯ? ಊಟಾನೇ ಬಡಿಸಿಲ್ಲ, ಬಿಲ್ ಮಾತ್ರ ಕೊಡಿ ಅಂದ ಹಾಗಾಯ್ತಲ್ಲ!” ಅಂತ ಕೇಳಿದ್ದಾರೆ.

ಏನು ಮಾಡೋದು ಗೆಳತಿ, ಆಡಿಟರ್ ಸುಳ್ಳು ಹೇಳಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 15ನೇ ಸೆಕ್ಷನ್ ಹೇಳುವುದೇ ಹಾಗೆ. ಸಂಬಳ ಬಾಕಿ ಬಿದ್ದ ದಿನ ಅಥವಾ ಕೈಗೆ ಬಂದ ದಿನ, ಎರಡರಲ್ಲಿ ಯಾವುದು ಮೊದಲೋ ಆಗಲೇ ಅದು ಆದಾಯ. 2026ರ ಏಪ್ರಿಲ್ 1ರಿಂದ ಜಾರಿ ಎಂದು ಗೊತ್ತುಮಾಡಿದ 2025ರ ಹೊಸ ಕಾಯ್ದೆಯಲ್ಲೂ ಈ ತತ್ವ ಬದಲಾಗಿಲ್ಲ. ನಾನಿಲ್ಲಿ ಹೇಳುವ ಸೆಕ್ಷನ್ ನಂಬರುಗಳೆಲ್ಲ ಹಳೆಯ ಕಾಯ್ದೆಯವು.

ಲೆಕ್ಕ ಹಾಕಿ ನೋಡಿದೆ, 2025-26ರ ಹೊಸ ಪದ್ಧತಿಯ ದರದಲ್ಲಿ. ಕೈಗೆ ಬಂದದ್ದು ಏಳು ತಿಂಗಳ 9 ಲಕ್ಷ 10 ಸಾವಿರ. ಅಷ್ಟೇ ಆದಾಯ ಎಂದರೆ ತೆರಿಗೆ ಸೊನ್ನೆ, ಏಕೆಂದರೆ ಸಂಬಳದಾರರಿಗೆ 12 ಲಕ್ಷ 75 ಸಾವಿರದವರೆಗೆ ತೆರಿಗೆ ಬೀಳುವುದಿಲ್ಲ. ಬಾಕಿ ಆರೂವರೆ ಲಕ್ಷ ಸೇರಿಸಿದರೆ ಒಟ್ಟು 15 ಲಕ್ಷ 60 ಸಾವಿರ. 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೂ ಸೆಸ್ ಸೇರಿ ತೆರಿಗೆ 1,06,860 ರೂಪಾಯಿ! ಏಳು ತಿಂಗಳಲ್ಲಿ ತಿಂಗಳಿಗೆ ಸುಮಾರು 8,900ರಂತೆ ಟಿಡಿಎಸ್ ಹಿಡಿದಿದ್ದರೆ ಅದು 62 ಸಾವಿರ ಚಿಲ್ಲರೆ ಆಯಿತು. ಉಳಿದ 44 ಸಾವಿರ ಚಿಲ್ಲರೆಯನ್ನು ಬಳೆ ಅಡವಿಟ್ಟವರು ಎಲ್ಲಿಂದ ತರಬೇಕು? ಟಿಡಿಎಸ್ ಹಿಡಿಯುವುದು ಸಂಬಳ ಕೊಡುವಾಗ ಮಾತ್ರ. ಕೊಡದ ಸಂಬಳಕ್ಕೆ ಕಂಪನಿ ಹಿಡಿಯುವುದೂ ಇಲ್ಲ, ಕಟ್ಟುವುದೂ ಇಲ್ಲ. ಹೊರೆ ಪೂರ್ತಿ ನೌಕರನ ಮೇಲೆ.

ಒಂದು ಸಮಾಧಾನ ಉಂಟು. ಒಮ್ಮೆ ಬಾಕಿ ಲೆಕ್ಕದಲ್ಲಿ ತೆರಿಗೆ ಕಟ್ಟಿದರೆ, ಮುಂದೆ ಹಣ ಬಂದಾಗ ಮತ್ತೆ ಕಟ್ಟಬೇಕಿಲ್ಲ. ಮೊದಲು ತೋರಿಸದೆ, ನಾಲ್ಕಾರು ವರ್ಷದ ಬಾಕಿ ಒಟ್ಟಿಗೆ ಬಂದು ದರ ಮೇಲೇರಿದರೆ 89ನೇ ಸೆಕ್ಷನ್ ಪ್ರಕಾರ ರಿಯಾಯಿತಿ ಕೇಳಬಹುದು. ಅದಕ್ಕೆ ರಿಟರ್ನ್‌ಗೂ ಮೊದಲೇ ಬೇರೆ ಫಾರ್ಮ್ ಹಾಕಬೇಕು. ಹಳೆಯ ಕಾಯ್ದೆಯಲ್ಲಿ ಅದು 10ಇ. ಇದನ್ನು ಮರೆತು ರಿಯಾಯಿತಿ ಕಳೆದುಕೊಂಡವರು ಬಹಳ.

ಇನ್ನೊಂದು ಎಚ್ಚರಿಕೆ. “ಕಂಪನಿ ಕಷ್ಟದಲ್ಲಿದೆ, ಬಾಕಿ ಬಿಟ್ಟುಕೊಟ್ಟೆ ಅಂತ ಬರೆದುಕೊಡಿ” ಎಂದು ಎಚ್‌ಆರ್‌ನವರು ಕೇಳುತ್ತಾರೆ. ಬಾಕಿ ಬಿದ್ದ ಮೇಲೆ ಬಿಟ್ಟುಕೊಟ್ಟರೂ ತೆರಿಗೆ ತಪ್ಪುವುದಿಲ್ಲ. ದುಡ್ಡೂ ಹೋಯಿತು, ತೆರಿಗೆಯೂ ಉಳಿಯಿತು. ಯಜಮಾನರಿಗೆ ಹೇಳಿ, ಖಂಡಿತ ಸಹಿ ಹಾಕಬಾರದು.

ಈ ಪಾಡು ನಮ್ಮ ಊರಿಗೆ ಹೊಸದಲ್ಲ. ಬೆಂಗಳೂರಿನದೇ ಕಂಪನಿ ಕಿಂಗ್‌ಫಿಷರ್ ಏರ್‌ಲೈನ್ಸ್ ನೆನಪಿದೆಯಲ್ಲ? 2012ರಲ್ಲಿ ತಿಂಗಳುಗಟ್ಟಲೆ ಸಂಬಳ ನಿಂತಿತು, ಅಕ್ಟೋಬರ್‌ನಲ್ಲಿ ವಿಮಾನಗಳೂ ನಿಂತವು. ಅಲ್ಲಿ ಇನ್ನೊಂದು ವಿಚಿತ್ರವೂ ಆಗಿತ್ತು. ಸಂಬಳ ಕೊಡುತ್ತಿದ್ದ ಕಾಲದಲ್ಲಿ ಹಿಡಿದ ಟಿಡಿಎಸ್ ಸರ್ಕಾರಕ್ಕೆ ಸೇರಿರಲಿಲ್ಲ. ಸಂಬಳದಲ್ಲಿ ಆಗಲೇ ತೆರಿಗೆ ಕಳೆದುಕೊಂಡಿದ್ದವರಿಗೇ ಇಲಾಖೆಯಿಂದ ‘ತೆರಿಗೆ ಕಟ್ಟಿ’ ಎಂದು ನೋಟಿಸ್ ಬಂತು.

ಕಾನೂನಿನಲ್ಲಿ ಇದಕ್ಕೆ ಮದ್ದಿದೆ, 205ನೇ ಸೆಕ್ಷನ್. ಸಂಬಳದಲ್ಲಿ ತೆರಿಗೆ ಹಿಡಿದಾಗಿದ್ದರೆ ಅದೇ ತೆರಿಗೆಯನ್ನು ನೌಕರನಿಂದ ಮತ್ತೆ ವಸೂಲಿ ಮಾಡುವಂತಿಲ್ಲ. ಕೇಂದ್ರ ನೇರ ತೆರಿಗೆ ಮಂಡಳಿ 2015ರ ಜೂನ್ 1ರಂದು ತನ್ನ ಅಧಿಕಾರಿಗಳಿಗೆ ಇದನ್ನೇ ಬರೆಯಿತು, 2016ರ ಮಾರ್ಚ್ 11ರಂದು ಮತ್ತೆ ನೆನಪಿಸಿತು. ಆದರೂ ನೋಟಿಸ್ ನಿಲ್ಲಲಿಲ್ಲ. 2021ರಲ್ಲಿ ಗುಜರಾತ್ ಹೈಕೋರ್ಟ್ ಕಿಂಗ್‌ಫಿಷರ್ ಪೈಲಟ್ ಒಬ್ಬರ ಪರವಾಗಿ ತೀರ್ಪು ಕೊಟ್ಟಿತು. ಇಂಥ ಬೇಡಿಕೆಯನ್ನು ಮುಂದಿನ ವರ್ಷಗಳ ರೀಫಂಡ್‌ನಲ್ಲಿ ಮುರಿದುಕೊಳ್ಳುವುದೂ ತಪ್ಪು ಎಂದು ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿತು. ಆದರೆ ‘ಹಿಡಿದಿದ್ದಾರೆ’ ಎಂದು ತೋರಿಸಬೇಕಾದವರು ನೀವು. ಅದಕ್ಕೇ ಪೇಸ್ಲಿಪ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಫೈಲ್‌ನಲ್ಲಿಡಿ. ಕಂಪನಿಯ ಇಮೇಲ್ ಒಂದು ದಿನ ಬಂದ್ ಆದರೆ ಪೇಸ್ಲಿಪ್ ಎಲ್ಲಿ ಸಿಗುತ್ತೆ? ಹಾಲಿನ ಲೆಕ್ಕ, ಪೇಪರಿನ ಲೆಕ್ಕ ಬರೆದಿಡುವ ನಮಗೆ ಇದೇನು ದೊಡ್ಡದಲ್ಲ. ಇಲಾಖೆಯ ವೆಬ್‌ಸೈಟ್‌ನಲ್ಲಿ ಮೂರು ತಿಂಗಳಿಗೊಮ್ಮೆ ಟಿಡಿಎಸ್ ಜಮೆ ಆಗಿದೆಯೇ ಅಂತ ಮನೆಯವರ ಜೊತೆ ಕೂತು ನೋಡಿ. ಸಂಬಳ ನಿಲ್ಲುವ ಮುಂಚೆಯೇ ಎಷ್ಟೋ ಸಲ ಟಿಡಿಎಸ್, ಪಿಎಫ್ ಜಮೆ ನಿಂತಿರುತ್ತವೆ.

ಕಿಂಗ್‌ಫಿಷರ್ ಮುಚ್ಚಲು ಕರ್ನಾಟಕ ಹೈಕೋರ್ಟ್ ಆದೇಶಿಸಿದ್ದು 2016ರ ನವೆಂಬರ್‌ನಲ್ಲಿ. ನೌಕರರ ಬಾಕಿಗೆಂದು ಸುಮಾರು 312 ಕೋಟಿ ರೂಪಾಯಿಯನ್ನು ಅಧಿಕೃತ ಲಿಕ್ವಿಡೇಟರ್‌ಗೆ ಬಿಡುಗಡೆ ಮಾಡುವ ಆದೇಶ ಬಂದಿದ್ದು 2025ರ ಡಿಸೆಂಬರ್‌ನಲ್ಲಿ. ಹದಿಮೂರು ವರ್ಷ! ಆಗ ಒಂದನೇ ಕ್ಲಾಸಿನಲ್ಲಿದ್ದ ಮಕ್ಕಳು ಈಗ ಕಾಲೇಜಿಗೆ ಬಂದಿರುತ್ತಾರೆ. ಅಷ್ಟೂ ವರ್ಷ ಕಾನೂನಿನ ಕಣ್ಣಿಗೆ ಆ ಸಂಬಳ 2012ರಲ್ಲೇ ‘ಆದಾಯ’ ಆಗಿತ್ತು.

ನನ್ನ ತಕರಾರು ಇರುವುದು ಇಲ್ಲೇ. ನಮ್ಮ ಪತ್ರದ ಗೆಳತಿಯ ಎರಡನೇ ಪ್ರಶ್ನೆ ನೋಡಿ. ಮೇಲ್ಮನೆ ಅವರದೇ ಹೆಸರಲ್ಲಿದೆ. ಬಾಡಿಗೆದಾರ ಅಡ್ವಾನ್ಸ್ ಪೂರ್ತಿ ತೀರಿದ ಮೇಲೂ ಆರು ತಿಂಗಳು ಬಾಡಿಗೆ ಕೊಡದೆ, ತಿಂಗಳಿಗೆ 16 ಸಾವಿರದಂತೆ 96 ಸಾವಿರ ಬಾಕಿ ಇಟ್ಟು ರಾತ್ರೋರಾತ್ರಿ ಖಾಲಿ ಮಾಡಿದ. ಕೋರ್ಟ್ ಡಿಕ್ರಿ ಸಿಕ್ಕಿದೆ, ಆಸಾಮಿ ಸಿಕ್ಕಿಲ್ಲ. ಈ ಬಾರದ ಬಾಡಿಗೆಗೆ ಕಾನೂನು ತೆರಿಗೆ ಕೇಳುವುದಿಲ್ಲ! 23ನೇ ಸೆಕ್ಷನ್‌ನ ವಿವರಣೆ ಮತ್ತು 4ನೇ ನಿಯಮದಂತೆ ಅದನ್ನು ಬಿಟ್ಟು ಲೆಕ್ಕ ತೋರಿಸಬಹುದು. ಬಾಡಿಗೆ ಒಪ್ಪಂದ ನಿಜವಾದದ್ದಾಗಿರಬೇಕು, ಅವನು ಮನೆ ಬಿಟ್ಟಿರಬೇಕು ಇಲ್ಲವೇ ಬಿಡಿಸಲು ಪ್ರಯತ್ನ ನಡೆದಿರಬೇಕು, ನಿಮ್ಮದೇ ಬೇರೆ ಮನೆಯಲ್ಲಿ ಅವನು ಇರಬಾರದು, ಮತ್ತು ಕೋರ್ಟಿಗೆ ಹೋಗಿರಬೇಕು ಅಥವಾ ಹೋಗಿ ಪ್ರಯೋಜನವಿಲ್ಲ ಎಂದು ಅಧಿಕಾರಿಗೆ ಮನದಟ್ಟು ಮಾಡಬೇಕು. ಅಷ್ಟೇ.

ಅಲ್ರೀ, ಮನೆ ಮಾಲೀಕಳ ಕಷ್ಟ ಅರ್ಥವಾಗುವ ಕಾನೂನಿಗೆ ಸಂಬಳದಾರನ ಹೆಂಡತಿಯ ಕಷ್ಟ ಯಾಕೆ ಅರ್ಥವಾಗುವುದಿಲ್ಲ? ಇಬ್ಬರೂ ಒಬ್ಬಳೇ! ವ್ಯಾಪಾರಿಗೂ ಅನುಕೂಲ ಇದೆ. ಮೊದಲು ಆದಾಯ ಎಂದು ತೋರಿಸಿದ ಬಾಕಿ ಬಾರದೇ ಹೋದರೆ ಪುಸ್ತಕದಲ್ಲಿ ವಜಾ ಬರೆದರೆ ಸಾಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಟಿಆರ್‌ಎಫ್ ಪ್ರಕರಣದಲ್ಲಿ ಹೇಳಿದೆ. ಸಂಬಳದಾರನಿಗೆ ವಜಾ ಬರೆಯಲು ಪುಸ್ತಕವೇ ಇಲ್ಲ.

ಕಂಪನಿಯ ಕಡೆಯಿಂದ ನೋಡಿದರೆ ಇನ್ನೂ ಸಿಟ್ಟು ಬರುತ್ತೆ. ಬೋನಸ್, ಪಿಎಫ್, ರಜೆ ಹಣ ಇವನ್ನೆಲ್ಲ ನಿಜವಾಗಿ ಕೊಟ್ಟರೆ ಮಾತ್ರ ಖರ್ಚು ಎಂದು ಒಪ್ಪುತ್ತೇವೆ ಎನ್ನುತ್ತದೆ 43ಬಿ ಸೆಕ್ಷನ್. 2024ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗೆ ಗಡುವು ಮೀರಿಸಿದ ಬಾಕಿಯನ್ನೂ ಆ ಪಟ್ಟಿಗೆ ಸೇರಿಸಿದರು. ಒಳ್ಳೆಯದೇ. ಆದರೆ ತಿಂಗಳ ಸಂಬಳ ಆ ಪಟ್ಟಿಯಲ್ಲಿಲ್ಲ! ಸಂಬಳ ಕೊಡದ ಕಂಪನಿ ‘ಖರ್ಚು’ ಎಂದು ಬರೆದುಕೊಳ್ಳಬಹುದು, ಪಡೆಯದ ನೌಕರ ‘ಆದಾಯ’ ಎಂದು ಬರೆಯಬೇಕು. ಸಂಬಳವನ್ನೂ ಆ ಪಟ್ಟಿಗೆ ಸೇರಿಸಿ, ಮೂರು ತಿಂಗಳಿಗಿಂತ ಹೆಚ್ಚು ಬಾಕಿಯಾದ ಸಂಬಳಕ್ಕೆ ಕೈಗೆ ಬಂದಾಗ ಮಾತ್ರ ತೆರಿಗೆ ಎಂದು ಬದಲಿಸಿದರೆ ಸರ್ಕಾರದ ಗಂಟೇನು ಹೋಗುತ್ತೆ? ಹಣ ಬಂದ ದಿನ ತೆರಿಗೆ ಅವರಿಗೆ ಸಿಕ್ಕೇ ಸಿಗುತ್ತಲ್ಲ.

ಅಲ್ಲಿಯವರೆಗೆ ಈ ಗೆಳತಿ ಏನು ಮಾಡಬೇಕು? ಮೊದಲು ಬಾಕಿ ಕೇಳಿ ಲಿಖಿತವಾಗಿ ನೋಟಿಸ್ ಕೊಡಿಸಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ ಕೆಲಸ ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನಗಳಲ್ಲಿ ಬಾಕಿ ಕೊಡಬೇಕು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ನಿಮಗೇನು ದೂರವಲ್ಲ, ಹೋಗಿ ವಿಚಾರಿಸಿ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ, 2024ರ ಜುಲೈನಲ್ಲಿ ಬೈಜೂಸ್ ಹೋಯಿತಲ್ಲ ಹಾಗೆ, ಗಡುವಿನೊಳಗೆ ಬಾಕಿಯ ಕ್ಲೇಮ್ ಸಲ್ಲಿಸಲೇಬೇಕು. ಸುಮ್ಮನೆ ಕೂತವರ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ. ರಿಟರ್ನ್ ವಿಷಯಕ್ಕೆ, ಕೈಗೆ ಬಂದಷ್ಟೇ ತೋರಿಸುವ ಯೋಚನೆ ಇದ್ದರೆ ಅದು ವಾದ ಮಾಡಬೇಕಾದ ದಾರಿ, ಗೆಲುವು ಖಚಿತವಲ್ಲ. ಆಡಿಟರ್ ಜೊತೆ ಕೂತು, ನೋಟಿಸ್ ಬಂದರೆ ಎದುರಿಸುವ ತಯಾರಿ ಇದ್ದರೆ ಮಾತ್ರ.

ಅಂದ ಹಾಗೆ, ಪತ್ರದ ಕೊನೆಯಲ್ಲಿ ಓರಗಿತ್ತಿಗೆ ಕೊಟ್ಟ ಕೈಸಾಲವೂ ಮುಳುಗಿದೆ, ಅದನ್ನು ಕಳೆಯಬಹುದೇ ಅಂತ ಕೇಳಿದ್ದಾರೆ. ಇಲ್ಲಮ್ಮ. ಲೇವಾದೇವಿ ವ್ಯವಹಾರ ನಡೆಸುವವರಿಗಷ್ಟೇ ಆ ಅನುಕೂಲ. ಬಾರದ ಬಡ್ಡಿಯನ್ನು, ನೀವು ಯಾವಾಗಲೂ ಬಂದಾಗ ಬರೆಯುವ ಲೆಕ್ಕ ಇಟ್ಟಿದ್ದರೆ, ತೋರಿಸಬೇಕಾಗಿಲ್ಲ.

ಬಾಡಿಗೆ ಡಿಕ್ರಿಯನ್ನು ಮಾತ್ರ ಬಿಸಾಡಬೇಡಿ. ಹನ್ನೆರಡು ವರ್ಷ ಅದಕ್ಕೆ ಜೀವ ಇರುತ್ತೆ, ಆಸಾಮಿ ಎಲ್ಲಾದರೂ ಸಿಕ್ಕಿದರೆ ಜಾರಿಗೆ ಹಾಕಬಹುದು. ಆಗ ಬಂದ ಬಾಡಿಗೆಗೆ ಆ ವರ್ಷ ಶೇ. 30 ಕಳೆದು ತೆರಿಗೆ ಕಟ್ಟಿದರಾಯಿತು. ಮತ್ತೆ ‘ವಿಳಾಸದಾರರು ಇಲ್ಲ’ ಅಂತ ಪೋಸ್ಟ್‌ನವರು ಬರೆದು ವಾಪಸ್ ಕೊಟ್ಟ ಆ ನೋಟಿಸ್ ಕವರ್ ಇದೆಯಲ್ಲ, ಅದನ್ನು ಒಡೆಯದೆ ಹಾಗೇ ಡಿಕ್ರಿ ಜೊತೆಗಿಡಿ. ಅಧಿಕಾರಿ ಕೇಳಿದರೆ ಮೊದಲು ತೋರಿಸಬೇಕಾದದ್ದು ಅದನ್ನೇ.