ಮೀನುಸಾರು ಮತ್ತು ಅನ್ನದ ಗುಡ್ಡೆ

ಕಾವೇರಿ ಹರಿಯುವ ಕೃಷ್ಣರಾಜನಗರ ಭತ್ತದ ಸೀಮೆ. ಮನೆಯಲ್ಲಿ ಮೀನುಸಾರು ಕುದಿದ ದಿನ ಅನ್ನ ನಾಲ್ಕು ತುತ್ತು ಹೆಚ್ಚೇ ಇಳಿಯುತ್ತದೆ. ‘ಮೀನು ಹೃದಯಕ್ಕೆ ಒಳ್ಳೆಯದು’ ಎಂಬ ಸಮಾಧಾನ ಬೇರೆ. ಈ ಮಾತು ಎಷ್ಟು ನಿಜ?

ಹೊಟ್ಟೆಯ ಸುತ್ತಳತೆ, ರಕ್ತದೊತ್ತಡ, ರಕ್ತದ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚುವುದು, ಒಳ್ಳೆಯ ಕೊಲೆಸ್ಟರಾಲ್ ತಗ್ಗುವುದು: ಈ ಐದರಲ್ಲಿ ಮೂರಿದ್ದರೆ ಅದು ‘ಮೆಟಬಾಲಿಕ್ ಸಿಂಡ್ರೋಮ್’. ಹೃದಯಾಘಾತಕ್ಕೂ ಸಕ್ಕರೆ ಕಾಯಿಲೆಗೂ ಇದು ದಾರಿ.

ಮೀನಿನಲ್ಲಿರುವ ಒಮೆಗಾ-3 ಕೊಬ್ಬಿನಾಮ್ಲಗಳು ಯಕೃತ್ತಿನಲ್ಲಿ ಟ್ರೈಗ್ಲಿಸರೈಡ್ ತಯಾರಿಯನ್ನು ತಗ್ಗಿಸುತ್ತವೆ. ಕೆರೆಯ ಕಾಟ್ಲಾ, ರೋಹುಗಳಿಗಿಂತ ಕರಾವಳಿಯ ಬೂತಾಯಿ, ಬಂಗುಡೆಗಳಲ್ಲಿ ಇವು ಹೆಚ್ಚು. 58 ದೇಶಗಳ ಜನರನ್ನು ಗಮನಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದಯ ಮತ್ತು ರಕ್ತನಾಳದ ಕಾಯಿಲೆ ಇದ್ದವರ ಪೈಕಿ ವಾರಕ್ಕೆ 175 ಗ್ರಾಂ ಮೀನು ತಿನ್ನುವವರಿಗೆ ಅಪಾಯ ಕಡಿಮೆಯಿತ್ತು. ಕಾಯಿಲೆ ಇಲ್ಲದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಆದರೆ ಮಿತಿಮೀರಿ ಉಂಡ ಅನ್ನದ ಪಿಷ್ಟವನ್ನು ಯಕೃತ್ತು ಅದೇ ಟ್ರೈಗ್ಲಿಸರೈಡ್ ಆಗಿ ಮಾರ್ಪಡಿಸುತ್ತದೆ. ಮೀನು ಇಳಿಸಿದ್ದನ್ನು ಅನ್ನದ ಗುಡ್ಡೆ ಏರಿಸುತ್ತದೆ! ಆದ್ದರಿಂದ ವಾರಕ್ಕೆರಡು ಬಾರಿ, ಕರಿಯದೆ, ಸಾರು ಮಾಡಿ, ಅನ್ನ ಅಳತೆಯಲ್ಲಿಟ್ಟು ಉಣ್ಣುವುದು ಲೇಸು. ವೈದ್ಯರು ಕೊಟ್ಟ ಗುಳಿಗೆಗೆ ಮೀನು ಬದಲಿಯಲ್ಲ.

ವಿದ್ಯಾರ್ಥಿಗಳೇ, ಈ ಭಾನುವಾರ ಊಟಕ್ಕೆ ಮುನ್ನ ಟೇಪು ಹಿಡಿದು ಅಪ್ಪ, ಅಮ್ಮನ ಹೊಟ್ಟೆಯ ಸುತ್ತಳತೆ ನೋಡಿ. ಅಪ್ಪನದು 90, ಅಮ್ಮನದು 80 ಸೆಂಟಿಮೀಟರ್ ದಾಟಿದ್ದರೆ ರಕ್ತಪರೀಕ್ಷೆಗೆ ಹೊರಡಿಸುವ ಕೆಲಸ ನಿಮ್ಮದು.