ಜಗಲಿಯಲ್ಲೇ ನಿಂತ ಅಂತರ್ಜಾಲ

ಮನೆಗೆ ಅಂತರ್ಜಾಲ ಬಂದಿದೆ ಎನ್ನುವುದಕ್ಕೂ ಮನೆಯಲ್ಲಿರುವ ಎಲ್ಲರಿಗೂ ಅದು ದೊರೆತಿದೆ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ನಮ್ಮ ಮಲೆನಾಡಿನ ಊರುಗಳಲ್ಲಿ ಯಾರನ್ನಾದರೂ ಕೇಳಿ ನೋಡಿ, "ನಮ್ಮಲ್ಲಿಗೂ ಫೈಬರ್ ಬಂತು" ಎನ್ನುತ್ತಾರೆ. ಎಲ್ಲಿಗೆ ಬಂತು ಎಂದು ಮರುಪ್ರಶ್ನೆ ಹಾಕಿದರೆ, ಜಗಲಿಯಲ್ಲಿರುವ ಟಿವಿಯ ಪಕ್ಕಕ್ಕೆ ಎಂಬ ಉತ್ತರ ಸಿಗುತ್ತದೆ. ಸಂಪರ್ಕ ಕೊಡಲು ಬಂದ ಹುಡುಗ ರಸ್ತೆಯ ಕಂಬಕ್ಕೆ ಅತಿ ಸಮೀಪದ ಗೋಡೆ ಯಾವುದೋ ಅಲ್ಲಿ ರೂಟರನ್ನು ತೂಗುಹಾಕಿ, ಪಾಸ್‌ವರ್ಡ್ ಬರೆದುಕೊಟ್ಟು ಹೋಗುತ್ತಾನೆ. ಅಲ್ಲಿಂದ ಒಳಕೋಣೆಗೋ ಉಪ್ಪರಿಗೆಗೋ ಅದು ಎಷ್ಟು ತಲುಪಿತು ಎಂದು ವಿಚಾರಿಸುವವರಿಲ್ಲ. ತಲುಪದಿದ್ದವರಿಗೆ "ಬೇಕಾದಾಗ ಇಲ್ಲಿಗೇ ಬಂದು ಕೂತರಾಯಿತು" ಎಂಬ ಪರಿಹಾರ ಸಿದ್ಧವಾಗಿರುತ್ತದೆ. ಆ ಪರಿಹಾರ ನ್ಯಾಯವಲ್ಲ. ಮನೆಯ ಅತ್ಯಂತ ದೂರದ ಮೂಲೆಗೂ ಒಂದು ತಂತಿ ಎಳೆಯಲೇಬೇಕು ಎಂಬುದು ನನ್ನ ಅಭಿಪ್ರಾಯ.

ಇದು ಹೊಸ ಸಮಸ್ಯೆಯೇನೂ ಅಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ನಮ್ಮಂಥ ಹಳ್ಳಿಗಳಿಗೆ ಅದು ಬರುವ ಹೊತ್ತಿಗೆ ನಾವು ಶಾಲೆಗೆ ಹೋಗುವ ಮಕ್ಕಳಾಗಿದ್ದೆವು. ಬಂದ ದೀಪ ಮೊದಲು ಉರಿದದ್ದೆಲ್ಲಿ? ಜಗಲಿಯಲ್ಲಿ, ಗಂಡಸರು ಎಲೆ ಅಡಕೆ ಹಾಕುತ್ತ ಕೂರುವಲ್ಲಿ. ಅಡುಗೆಮನೆಯಲ್ಲಿ ಅಮ್ಮ ಆಮೇಲೆಯೂ ಎಷ್ಟೋ ವರ್ಷ ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿಯೇ ರೊಟ್ಟಿ ತಟ್ಟಿದಳು. ಸರ್ಕಾರದ ಲೆಕ್ಕದಲ್ಲಿ ಮಾತ್ರ ನಮ್ಮದು ವಿದ್ಯುತ್ ಸಂಪರ್ಕವಿರುವ ಮನೆ! ಇಂದಿನ ವೈಫೈ ಕೂಡ ಅದೇ ದಾರಿ ಹಿಡಿದಿದೆ.

ತಂತಿಯೇ ಬೇಡದ ಕಾಲ ಬಂದಿರುವಾಗ ತಂತಿಯ ಮಾತೇಕೆ ಎಂದು ಯುವಕರು ಕೇಳುತ್ತಾರೆ. ವಿಜ್ಞಾನ ಕಲಿಸಿದವನಾದ್ದರಿಂದ ಅವರಿಗೆ ಸ್ವಲ್ಪ ಪಾಠ ಹೇಳದೆ ಬಿಡಲಾರೆ. ವೈಫೈ ಎಂಬುದು ರೇಡಿಯೋ ತರಂಗ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. 5 ಗಿಗಾಹರ್ಟ್ಸಿನದು ಸುಮಾರು ಆರು. ಎರಡನೆಯದು ವೇಗದಲ್ಲಿ ಮುಂದು, ಗೋಡೆ ದಾಟುವುದರಲ್ಲಿ ಹಿಂದು. ಮೈಕ್ರೋವೇವ್ ಒಲೆ ಕೆಲಸ ಮಾಡುವುದು ಕೂಡ 2.4ರ ಆಸುಪಾಸಿನಲ್ಲಿಯೇ, ಆಹಾರದಲ್ಲಿರುವ ನೀರು ಆ ಶಕ್ತಿಯನ್ನು ಹೀರಿ ಬಿಸಿಯಾಗುತ್ತದೆ. ಹಾಗಿರುವಾಗ ಒಂದೂವರೆ ಅಡಿ ದಪ್ಪದ, ಮಳೆಗಾಲದಲ್ಲಿ ಥಂಡಿ ಹಿಡಿದ ಮಣ್ಣಿನ ಗೋಡೆ ಆ ತರಂಗವನ್ನು ಸುಮ್ಮನೆ ಬಿಟ್ಟುಕೊಟ್ಟೀತೇ? ಹೊಸ ಮನೆಗಳಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು, ಕಬ್ಬಿಣದ ಬೀರು, ದೊಡ್ಡ ಕನ್ನಡಿ ಇವೆಲ್ಲ ಅದೇ ಕೆಲಸ ಮಾಡುತ್ತವೆ.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ನನ್ನ ಸೊಸೆ ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಊರಿನಿಂದಲೇ ಮಾಡುತ್ತಾಳೆ. ಉಪ್ಪರಿಗೆಯ ಕೋಣೆಗೆ ವೈಫೈ ಮುಟ್ಟದ ಕಾರಣ ಜಗಲಿಯ ಮೂಲೆಯೇ ಅವಳ ಕಚೇರಿಯಾಗಿತ್ತು. ಜಗಲಿಯೆಂದರೆ ಬಂದು ಹೋಗುವವರ ಜಾಗ. ತೋಟದ ಕೆಲಸದವರು ಬರುತ್ತಾರೆ, ನೆಂಟರು ಬರುತ್ತಾರೆ. ಕಿವಿಗೆ ಹೆಡ್‌ಫೋನ್ ಹಾಕಿ ಮೀಟಿಂಗಿನಲ್ಲಿದ್ದವಳನ್ನು "ಏನೇ ತಂಗೀ, ಒಂದು ಲೋಟ ಕಾಫಿ ಸಿಗುತ್ತದೆಯೇ?" ಎಂದು ಕೇಳುತ್ತಾರೆ. ಮಗನೂ ಅಂಥದೇ ಕೆಲಸದಲ್ಲಿದ್ದು ಅಲ್ಲಿಯೇ ಕೂತಿದ್ದರೆ ಅವನನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ. ಒಂದು ದಿನ ಅವಳು, "ಮಾವ, ನನಗೆ ವೇಗ ಕಡಿಮೆಯಾದರೂ ಅಡ್ಡಿಯಿಲ್ಲ, ಬಾಗಿಲು ಹಾಕಿಕೊಳ್ಳುವ ಜಾಗದಲ್ಲಿ ನೆಟ್ ಸಿಕ್ಕಿದರೆ ಸಾಕು" ಎಂದಳು. ಆ ಮಾತಿನಲ್ಲಿ ತಂತ್ರಜ್ಞಾನಕ್ಕಿಂತ ದೊಡ್ಡ ವಿಷಯವಿದೆ ಎಂದು ನನಗೆ ಅನ್ನಿಸಿತು. ಕೆಲಸಕ್ಕೊಂದು ಬಾಗಿಲಿದ್ದರೆ ಮಾತ್ರ ಉಳಿದವರು ಅದನ್ನು ಕೆಲಸವೆಂದು ಒಪ್ಪುತ್ತಾರೆ.

ಉಪ್ಪರಿಗೆಗೆ ತಂತಿ ಎಳೆಯುವುದು ನೋಡಿದಷ್ಟು ಕಷ್ಟವಾಗಲಿಲ್ಲ. ಹಂಚಿನ ಮನೆಗಳಲ್ಲಿ ಗೋಡೆಯ ತಲೆಗೂ ಮಾಡಿನ ಮರಕ್ಕೂ ನಡುವೆ ಸಂದು ಇರುತ್ತದೆ. ಗೋಡೆ ಕೊರೆಯುವ ಪ್ರಸಂಗವೇ ಬರಲಿಲ್ಲ. ಜಗಲಿಯ ರೂಟರಿನಿಂದ ಹೊರಟ ತಂತಿ ತೊಲೆಗಳ ಮೇಲೆ ಹಾಯ್ದು ಉಪ್ಪರಿಗೆಗೆ ಇಳಿಯಿತು, ಒಟ್ಟು ಇಪ್ಪತ್ತೆಂಟು ಮೀಟರ್. ಇಂಥ ತಾಮ್ರದ ತಂತಿ ನೂರು ಮೀಟರ್‌ವರೆಗೆ ತೊಂದರೆಯಿಲ್ಲದೆ ಕೆಲಸ ಮಾಡುತ್ತದೆ. ಅದರೊಳಗೆ ಎಂಟು ಎಳೆಗಳು, ಎರಡೆರಡನ್ನು ಹುರಿಗೊಳಿಸಿದ ನಾಲ್ಕು ಜೊತೆಗಳು. ಹೊರಗಿನ ವಿದ್ಯುತ್ತಿನ ಗದ್ದಲ ಎರಡೂ ಎಳೆಗಳ ಮೇಲೆ ಸಮನಾಗಿ ಬಿದ್ದು ರದ್ದಾಗಲಿ ಎಂಬುದೇ ಈ ಹುರಿಯ ಉದ್ದೇಶ. ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಷ್ಟು ಹಿಂದೆಯೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಹಳೆಯ ಯುಕ್ತಿ, ಇಂದಿಗೂ ಅದಕ್ಕೆ ಮುಪ್ಪಿಲ್ಲ.

ಮಾಡಿಸುವವರು ಕೆಲವು ಮಾತುಗಳನ್ನು ನೆನಪಿಟ್ಟುಕೊಳ್ಳಬೇಕು. ಅಂಗಡಿಯಲ್ಲಿ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಕೇಳಿ, ಎಳೆಗಳು ಅಪ್ಪಟ ತಾಮ್ರದವೇ ಎಂದು ವಿಚಾರಿಸಿರಿ; ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಮಾಲೂ ಮಾರಾಟವಾಗುತ್ತದೆ. ಕರೆಂಟಿನ ತಂತಿಯಿರುವ ಪೈಪಿನೊಳಗೆ ಇದನ್ನು ತೂರಿಸಬಾರದು. ಅಟ್ಟದ ಇಲಿಗಳಿಗೆ ತಂತಿ ಕಡಿಯುವುದು ಬಹು ಪ್ರೀತಿಯ ಕೆಲಸ, ಆದ್ದರಿಂದ ಪಿವಿಸಿ ಪೈಪಿನೊಳಗೇ ಎಳೆಯುವುದು ಲೇಸು. ಹೊರಗಿನಿಂದ ಒಳಗೆ ಬರುವ ಕಡೆ ತಂತಿಯನ್ನು ಸ್ವಲ್ಪ ಕೆಳಗೆ ಜೋತುಬಿಟ್ಟು ಮೇಲೆತ್ತಿದರೆ ಮಳೆನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಅಂಗಳದಾಚೆಯ ಬೇರೆ ಕಟ್ಟಡಕ್ಕಾದರೆ ತಾಮ್ರ ಬೇಡ, ಫೈಬರನ್ನೇ ಎಳೆಸಿರಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ನಮ್ಮ ಕಡೆಯ ಸಿಡಿಲಿಗೆ ಅದೇ ಮದ್ದು.

ಇಷ್ಟೆಲ್ಲ ಏಕೆ, ವೈಫೈ ಹಿಗ್ಗಿಸುವ ಡಬ್ಬಿಯೊಂದನ್ನು ತಂದರಾಗದೇ ಎನ್ನಬಹುದು. ಆದೀತು, ಚಿಕ್ಕ ಕೆಲಸಗಳಿಗೆ. ಆದರೆ ಸಾಮಾನ್ಯ ಡಬ್ಬಿ ಕೇಳಿದ್ದನ್ನು ಅದೇ ತರಂಗದಲ್ಲಿ ಮತ್ತೆ ಹೇಳಬೇಕಾಗುವುದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಮನೆಯ ಕರೆಂಟಿನ ತಂತಿಯಲ್ಲಿಯೇ ಅಂತರ್ಜಾಲ ಹರಿಸುವ ಸಾಧನಗಳೂ ಇವೆ. ಹಳೆಯ ವೈರಿಂಗ್ ಇದ್ದಲ್ಲಿ, ಎರಡು ಕೋಣೆಗಳು ಬೇರೆ ಬೇರೆ ಫೇಸಿನಲ್ಲಿದ್ದಲ್ಲಿ ಅವುಗಳನ್ನು ನಂಬುವಂತಿಲ್ಲ. ಗೋಡೆಯ ಅಂದ ಕೆಡುತ್ತದೆ ಎಂಬ ಆಕ್ಷೇಪಕ್ಕೆ ನನ್ನ ಉತ್ತರವಿಷ್ಟೆ: ಟಿವಿಗಾಗಿ ಎಳೆದ ಕರಿಯ ತಂತಿ ಯಾರ ಕಣ್ಣಿಗೂ ಚುಚ್ಚಲಿಲ್ಲವಲ್ಲ!

ಇನ್ನೊಂದು ಆಕ್ಷೇಪ ಮಾತ್ರ ಗಂಭೀರವಾದದ್ದು. ಮಕ್ಕಳು ಮುಚ್ಚಿದ ಕೋಣೆಯಲ್ಲಿ ಅಂತರ್ಜಾಲ ಬಳಸಿದರೆ ದಾರಿ ತಪ್ಪುವುದಿಲ್ಲವೇ, ಜಗಲಿಯಲ್ಲಿದ್ದರೆ ನಮ್ಮ ಕಣ್ಣ ಮುಂದಿರುತ್ತಾರೆ ಎಂದು ಪೋಷಕರು ಹೇಳುತ್ತಾರೆ. ಚಿಕ್ಕ ಮಕ್ಕಳ ಮಟ್ಟಿಗೆ ಇದನ್ನು ಒಪ್ಪುತ್ತೇನೆ. ಆದರೆ ಪಿಯುಸಿ ದಾಟಿದ ಮಗಳನ್ನು ಟಿವಿಯ ಸದ್ದಿನ ನಡುವೆ ಓದಲು ಕೂರಿಸಿ ಅದನ್ನು ಕಾವಲು ಎನ್ನುವುದು ಸರಿಯಲ್ಲ. ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಮೊಬೈಲ್ ಬಳಕೆಗಿದ್ದ ನಿರ್ಬಂಧವನ್ನು ವಿದ್ಯಾರ್ಥಿನಿಯೊಬ್ಬಳು ಪ್ರಶ್ನಿಸಿದಾಗ, 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು ಅಂತರ್ಜಾಲ ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಹಾಗೂ ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿತು. ಹಾಸ್ಟೆಲಿಗೆ ಸಲ್ಲುವ ವಿವೇಕ ಮನೆಗೂ ಸಲ್ಲಬೇಕಲ್ಲವೇ?

2020 ಮತ್ತು 2021ರಲ್ಲಿ, ಶಾಲೆಗಳು ಮುಚ್ಚಿದ್ದಾಗ, ನಮ್ಮ ಮಲೆನಾಡು ಮತ್ತು ಕರಾವಳಿಯ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ, ಕೊಡೆಯ ಕೆಳಗೆ ಕುಳಿತು ಪಾಠ ಕೇಳಿದರು. ಆಗ ನಾವೆಲ್ಲ ಸರ್ಕಾರವನ್ನು ಬೈದೆವು; ಬೈದದ್ದು ತಪ್ಪಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ, ಭಾರತ್‌ನೆಟ್ ಎಂದು ಅದಕ್ಕೆ ಹೆಸರಿಟ್ಟದ್ದು ಆನಂತರ. ಆದರೆ ಪಂಚಾಯಿತಿಯಿಂದ ಮನೆಯ ಜಗಲಿಗೆ ತಲುಪಿದ ಮೇಲೆ ಉಳಿಯುವ ಕೊನೆಯ ಮೂವತ್ತು ಮೀಟರಿಗೆ ಯಾವ ಸರ್ಕಾರವನ್ನೂ ಕಾಯಬೇಕಾಗಿಲ್ಲ. ಅದು ಮನೆಯ ಹಿರಿಯರ ಹೊಣೆ.

ಓದುಗ ಮಿತ್ರರಲ್ಲಿ ಈ ವರ್ಷ ಮನೆ ಕಟ್ಟಿಸುತ್ತಿರುವವರಿದ್ದರೆ ಒಂದು ಕೋರಿಕೆ. ತಾರಸಿ ಹಾಕುವ ಮೊದಲು, ಗೋಡೆಗೆ ಗಾರೆ ಮೆತ್ತುವ ಮೊದಲು, ಪ್ರತಿ ಕೋಣೆಗೂ ಒಂದು ಖಾಲಿ ಪೈಪನ್ನು ಬಿಡಿಸಿರಿ, ಒಳಗೊಂದು ಎಳೆದಾರ ಇರಲಿ. ಇಂದಿನ ತಂತಿ ನಾಳೆ ಹಳತಾದರೂ ಪೈಪು ಹಳತಾಗುವುದಿಲ್ಲ. ಹಳೆಯ ಮನೆಯಲ್ಲಿರುವವರು ಹಿಂದಿನ ಕೋಣೆಯಲ್ಲಿ, ಉಪ್ಪರಿಗೆಯಲ್ಲಿ ಕೂರುವವರು ಯಾರೆಂದು ನೋಡಿ, ನಿಮ್ಮ ಜಾಗಕ್ಕೆ ನೆಟ್ ಮುಟ್ಟುತ್ತದೆಯೇ ಎಂದು ಅವರನ್ನು ಒಮ್ಮೆ ಕೇಳಿರಿ. ಇಲ್ಲವೆಂದರೆ ಮಳೆಗಾಲ ಹಿಡಿಯುವ ಮೊದಲೇ ಎಲೆಕ್ಟ್ರೀಷಿಯನ್ನನಿಗೆ ಹೇಳಿಕಳುಹಿಸಿರಿ. ಜೂನ್ ಬಂತೆಂದರೆ ನಮ್ಮ ಕಡೆ ಅವನು ಕೈಗೆ ಸಿಗುವುದಿಲ್ಲ.