ಕಡೆಗೀಲು ನೋಡಿದ್ಯೇನೋ?

ಉಳವಿ ಜಾತ್ರೆಗೆ ಚಕ್ಕಡಿ ಹೂಡೋ ಮುಂಚೆ ನಮ್ಮ ಕಾಕಾ ಅದಕ್ಕೊಂದು ಸುತ್ತು ಹಾಕ್ತಾರೆ. ಗಾಲಿ ಅಲುಗಾಡಿಸ್ತಾರೆ, ಕೀಲೆಣ್ಣೆ ಹಾಕ್ತಾರೆ, ಕಡೆಗೀಲು ಮುಟ್ಟಿ ನೋಡ್ತಾರೆ. ಧಾರವಾಡದ ಕಡೆಯಿಂದ ಜೊಯಿಡಾ ಕಾಡಿನ ಚನ್ನಬಸವಣ್ಣನ ಸನ್ನಿಧಿವರೆಗೆ ದಿನಗಟ್ಟಲೆ ದಾರಿ. ನಡು ಅಡವಿಯಲ್ಲಿ ಗಾಲಿ ಕಳಚಿದರೆ ಯಾರನ್ನ ಕರೀತೀರಿ?

ನಾನು ಬೆಂಗಳೂರಲ್ಲಿ ಕೋಡ್ ಬರೆಯೋನು. ನಮ್ಮ ಓಣಿಯವರು ಜಾತ್ರೆಯ ದಾಸೋಹಕ್ಕೆ ಕೊಡೋ ಹಣದ ಪಟ್ಟಿಗೆ ಒಂದು ಪುಟ್ಟ ಪೈಥಾನ್ ಪ್ರೋಗ್ರಾಮ್ ಮಾಡಿಕೊಟ್ಟಿದ್ದೆ. ಹೋದ ವರ್ಷ ಅಜ್ಜಿ ಫೋನ್ ಮಾಡಿದಳು. "ಐನೂರು ಕೊಟ್ಟೀನಿ, ಪಟ್ಟಿಯೊಳಗ ನನ್ನ ಹೆಸರ ಇಲ್ಲಲ್ಲೋ?" ಕಾಕಾ ಟೈಪ್ ಮಾಡುವಾಗ ಬಿಟ್ಟಿರಬೇಕು ಅಂದುಬಿಟ್ಟೆ. ಕಾಕಾ ಏನೂ ಮಾತಾಡಲಿಲ್ಲ.

ಮೊನ್ನೆ ಆ ಕೋಡಿಗೆ ಲಿಂಟರ್ ಹಾಕಿದೆ. ಪ್ರೋಗ್ರಾಮನ್ನು ಓಡಿಸದೆ, ಬರೀ ಓದಿ ತಪ್ಪು ತೋರಿಸೋ ಸಾಧನ ಇದು. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗೆ ಮೊದಲು ಮಾಡಿದ್ದು. ಬಟ್ಟೆಗೆ ಅಂಟೋ ನೂಲಿನ ಜುಂಗಿನ ಹೆಸರನ್ನೇ ಇಟ್ಟ. ನಾನು ಹಾಕಿದ್ದು ರಫ್. ಬೇಡದ ಇಂಪೋರ್ಟ್, ಬಳಸದ ವೇರಿಯಬಲ್ ಅಂತ ಸಾಲು ಸಾಲು ದೂರು. ನಡುವೆ ಒಂದು, ಇ722: ಬರಿಯ 'ಎಕ್ಸೆಪ್ಟ್'. ಅಂದ್ರೆ ಯಾವ ತಪ್ಪು ಬಂದರೂ ಸದ್ದಿಲ್ಲದೆ ನುಂಗಿಕೊಂಡು ಮುಂದೆ ಹೋಗು ಅಂತ ನಾನೇ ಬರೆದಿದ್ದೆ!

ಅಜ್ಜಿಯ ಸಾಲಿನಲ್ಲಿ ಕಾಕಾ '500/-' ಅಂತ ಬರೆದಿದ್ದರು. ನಾವೆಲ್ಲ ಬರೆಯೋದೇ ಹಾಗೆ. ಪೈಥಾನ್‌ಗೆ ಅದು ಅಂಕಿ ಅಲ್ಲ. ಸಾಲಿಗೆ ಸಾಲೇ ಮಾಯ. ಕಾಕಾನ ತಪ್ಪಲ್ಲ, ನಂದು.

ಇನ್ನೊಂದು ಕೆಲಸವೂ ಬಾಕಿ ಇತ್ತು. ಪೈಥಾನ್ 3.8ಕ್ಕೆ 2024ರ ಅಕ್ಟೋಬರ್‌ನಲ್ಲೇ ಅಧಿಕೃತ ಬೆಂಬಲ ನಿಂತಿದೆ, ಭದ್ರತೆಯ ತೇಪೆಯೂ ಬರೋದಿಲ್ಲ. ನನ್ನ ಕೋಡಿನಿಂದಲೂ ಅದನ್ನ ಕೈಬಿಡಬೇಕು. ಆದ್ರೆ ಕಾಕಾನ ಕಂಪ್ಯೂಟರಲ್ಲಿ ಇರೋದು ವಿಂಡೋಸ್ 7. ಅದರ ಮೇಲೆ ನಡೆಯೋ ಕೊನೆಯ ಪೈಥಾನೇ 3.8. ನಾನು ಇಲ್ಲಿ ಒಂದು ಸಾಲು ಬದಲಿಸಿದರೆ ಅಲ್ಲಿ ಪಟ್ಟಿಯೇ ನಿಲ್ಲುತ್ತೆ.

ಹಾಗಾಗಿ ಸರದಿ ಹೀಗೆ ಮಾಡಿದೆ. ಮೊದಲು ಲಿಂಟರ್ ಹೇಳಿದ್ದನ್ನ ಹಳೇ ಆವೃತ್ತಿಯಲ್ಲೇ ಸರಿಪಡಿಸಿ, 3.8ಕ್ಕೆ ಇದೇ ಕೊನೆ ಅಂತ ಬರೆದು ಕಾಕಾಗೆ ಕಳಿಸಿದೆ. ಬೇರೆ ಕಂಪ್ಯೂಟರ್ ಬರೋವರೆಗೆ ಅದು ನಡೆಯುತ್ತೆ. ಆಮೇಲೆ ಹೊಸದರಲ್ಲಿ 3.8 ತೆಗೆದೆ. ಕೈಬಿಡೋದು ತಪ್ಪಲ್ಲ, ತಪ್ಪನ್ನ ಅಲ್ಲೇ ಉಳಿಸಿ, ಹೇಳದೆ ಕೈಬಿಡೋದು ತಪ್ಪು.

ಫೋನ್ ಮಾಡಿ ಹೇಳಿದೆ. "ತಪ್ಪು ನಂದ ಇತ್ತು ಕಾಕಾ." ಅವರು ನಕ್ಕರು. "ಚಕ್ಕಡಿ ಹೂಡೋ ಮೊದ್ಲ ಕಡೆಗೀಲು ನೋಡಬೇಕಪಾ ತಮ್ಮಾ. ಇರ್ಲಿ, ಮೊದ್ಲ ನಿಮ್ಮಜ್ಜಿಗೆ ಹೇಳು."

ಹೇಳಿದೆ. ಈ ಸಲದ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ.